ದುರ್ಯೋಧನನ ಪಾರ್ಟು ಸಿಕ್ಕಿದೆ. ಅವನು ಕೆಟ್ಟವನಾ, ಕೆಟ್ಟುಹೋದವನಾ?

ತೆಂಗಿನ ತೋಟದವನು (ಚಿಕ್ಕನಾಯಕನಹಳ್ಳಿ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಾಟಕ, ಸಾಹಿತ್ಯ ಗೊತ್ತಿರುವವರು ದಯವಿಟ್ಟು ಸ್ವಲ್ಪ ದಾರಿ ತೋರಿಸಿ. ಬರೆಯುತ್ತಾ ಹೋದಂತೆ ಪ್ರಶ್ನೆ ಉದ್ದವಾಯಿತು, ಪೂರ್ತಿ ಓದಿ.

ನಮ್ಮೂರ ಜಾತ್ರೆಗೆ ಪ್ರತಿ ವರ್ಷ ಕುರುಕ್ಷೇತ್ರ ನಾಟಕ ಆಡುತ್ತೇವೆ. ತುಮಕೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ: ಇಲ್ಲಿ ಪಾತ್ರಧಾರಿಗೆ ಯಾರೂ ದುಡ್ಡು ಕೊಡುವುದಿಲ್ಲ. ಅವನೇ ದುಡ್ಡು ಹಾಕಿ ಪಾರ್ಟು ತೆಗೆದುಕೊಳ್ಳಬೇಕು. ಸೀನರಿ, ಲೈಟು, ನಾಟಕ ಕಲಿಸುವ ಮೇಷ್ಟ್ರ ಸಂಬಳ, ಸ್ತ್ರೀ ಪಾತ್ರಕ್ಕೆ ಬರುವವರ ಸಂಭಾವನೆ ಎಲ್ಲ ಅದರಲ್ಲೇ ಆಗಬೇಕು. ಕೃಷ್ಣ ಮತ್ತು ದುರ್ಯೋಧನನ ಪಾರ್ಟಿಗೆ ಎಲ್ಲಕ್ಕಿಂತ ಜಾಸ್ತಿ. ಈ ಸಲ ದುರ್ಯೋಧನ ನನಗೆ ಬಂದಿದೆ. ನಲವತ್ತು ಸಾವಿರ ಕೊಟ್ಟಿದ್ದೇನೆ. ಮೂರು ತಿಂಗಳಿಂದ ರಾತ್ರಿ ಊಟ ಆದ ಮೇಲೆ ದೇವಸ್ಥಾನದ ಮುಂದೆ ಪ್ರಾಕ್ಟೀಸ್ ನಡೆಯುತ್ತಿದೆ.

ಹಿಂದೆ ಹನ್ನೊಂದು ವರ್ಷ ಈ ಪಾರ್ಟು ನಮ್ಮಣ್ಣನದಾಗಿತ್ತು. ಅಣ್ಣ ಬಂದು ಗದೆಯನ್ನು ನೆಲಕ್ಕೆ ಕುಟ್ಟಿದರೆ ಚಾಪೆ ಮೇಲೆ ಮಲಗಿದ್ದ ಮಕ್ಕಳು ಎದ್ದು ಕೂರುತ್ತಿದ್ದವು. ಈಗ ಐದಾರು ವರ್ಷದಿಂದ ನಾಟಕ ಬಿಟ್ಟಿದ್ದಾನೆ. ಪ್ರಾಕ್ಟೀಸ್ ನಡೆಯುವ ಹೊತ್ತಿಗೆ ದೇವಸ್ಥಾನದ ಕಡೆಗೂ ಬರುವುದಿಲ್ಲ.

ಕಾರಣ ಹೇಳಿದರೆ ನನ್ನ ಪ್ರಶ್ನೆ ಅರ್ಥ ಆಗುತ್ತದೆ. 2016ರ ಬರದಲ್ಲಿ ನಮ್ಮ ಹಳೇ ಬೋರು ನಿಂತುಹೋಯಿತು. ತೆಂಗಿನ ಗರಿಗಳು ಜೋತುಬಿದ್ದವು. ಅಣ್ಣ ಹೊಸ ಬೋರು ಕೊರೆಸಿದ. ನೀರು ಬರಲಿಲ್ಲ. ಇನ್ನೊಂದು ಕೊರೆಸಿದ. ಒಂದು ಇಂಚು ಬಂತು, ನಾಲ್ಕು ತಿಂಗಳಿಗೆ ಅದೂ ನಿಂತಿತು. ಹೀಗೆ ಎರಡು ವರ್ಷದಲ್ಲಿ ಏಳು. ಪ್ರತಿ ಸಲ ನೀರಿನ ಪಾಯಿಂಟ್ ಮಾಡುವವನು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ತೋಟದಲ್ಲಿ ಓಡಾಡಿದ. ಪ್ರತಿ ಸಲವೂ ಕಾಯಿ ಎದ್ದು ನಿಂತಿತು, ಇಲ್ಲಿ ನೀರಿದೆ ಅಂದ. ಏಳನೆಯದು 1,280 ಅಡಿ ಹೋಯಿತು. ರಾತ್ರಿ ಎರಡು ಗಂಟೆಯವರೆಗೂ ಬರೀ ಧೂಳು. ಬೆಳಗ್ಗೆ ನೋಡಿದರೆ ಮನೆ ಹೆಂಚಿನ ಮೇಲೆಲ್ಲ ಬೂದು ಬಣ್ಣ ಕೂತಿತ್ತು. ಅಷ್ಟರಲ್ಲಿ ಅತ್ತಿಗೆಯ ಒಡವೆ ಹೋಗಿತ್ತು. ಆಮೇಲೆ ಕೆಳಗಿನ ತೋಟವೂ ಹೋಯಿತು. ಏಳನೆಯದು ಕೊರೆದ ರಾತ್ರಿ ಬೋರಿನ ಲಾರಿ ಪಕ್ಕದಲ್ಲಿ ಅಣ್ಣನ ಜೊತೆ ನಿಂತಿದ್ದವನು ನಾನೊಬ್ಬನೇ. ಬೇಡ ಅನ್ನಲಿಲ್ಲ.

ನನ್ನ ಮಗಳು ತುಮಕೂರಿನಲ್ಲಿ ಬಿಎ ಓದುತ್ತಾಳೆ. ಅವಳಿಗೆ ಶೇಕ್ಸ್‌ಪಿಯರನ ನಾಟಕ ಮ್ಯಾಕ್‌ಬೆತ್ ಪಾಠ ಇದೆ. ದೀಪಾವಳಿಗೆ ಬಂದವಳು ನನ್ನ ಪ್ರಾಕ್ಟೀಸ್ ನೋಡಿದಳು. ಮನೆಗೆ ಬರುವಾಗ ಒಂದು ಮಾತು ಹೇಳಿದಳು: "ಅಪ್ಪಾ, ನಿನ್ನ ದುರ್ಯೋಧನ ಮೊದಲಿಂದ ಕೊನೇವರೆಗೂ ಒಂದೇ ಥರ ಕೂಗ್ತಾನೆ. ಅವನು ಬೀಳೋದು ಎಲ್ಲಿ?"

ಅವತ್ತಿಂದ ನಿದ್ದೆ ಸರಿಯಾಗಿ ಬರುತ್ತಿಲ್ಲ. ಮ್ಯಾಕ್‌ಬೆತ್ ಕಥೆಯನ್ನೂ ಅವಳ ಕೈಲಿ ಹೇಳಿಸಿಕೊಂಡೆ. ಒಳ್ಳೇ ಯೋಧ, ರಾಜನಾಗುವ ಆಸೆಗೆ ಬಿದ್ದು, ಮನೆಗೆ ಬಂದ ರಾಜನನ್ನೇ ಕೊಲ್ಲುತ್ತಾನೆ. ಆಮೇಲೆ ನಿಲ್ಲಿಸಲಿಕ್ಕೇ ಆಗುವುದಿಲ್ಲ. ಕುದುರೆ ಏರಲು ಅಳತೆ ಮೀರಿ ನೆಗೆದವನು ಆಚೆ ಕಡೆಗೆ ಬೀಳುವಂಥ ಮಾತು ಅದರಲ್ಲಿ ಬರುತ್ತದಂತೆ.

ನಮ್ಮ ಮೇಷ್ಟ್ರು ಈ ಸಲ ಕೊನೆಯಲ್ಲಿ ರಣಭೂಮಿಯ ಸೀನ್ ಇಟ್ಟಿದ್ದಾರೆ. ಸಂಜಯನ ಜೊತೆ ಹೆಣಗಳ ನಡುವೆ ದುರ್ಯೋಧನ ಬರುತ್ತಾನೆ. ಅಲ್ಲಿ ನಾನು ಏನು ಮಾಡಬೇಕು? ಅವನು ಬೀಳುವುದಕ್ಕೆ ಶುರುವಾಗುವುದು ಎಲ್ಲಿ? ಆಸೆ ಯಾರಿಗಿಲ್ಲ ಹೇಳಿ. ಅದು ಯಾವಾಗ ಮನುಷ್ಯನನ್ನು ಮುರಿಯುತ್ತದೆ?

ನಿವೃತ್ತ ಕನ್ನಡ ಮೇಷ್ಟ್ರು (ತುರುವೇಕೆರೆ)

ತೋಟದವರೇ, ನಿಮ್ಮ ಮಗಳಿಗೆ ಮೊದಲು ನನ್ನ ಆಶೀರ್ವಾದ ತಿಳಿಸಿ. ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಇಷ್ಟು ನೇರವಾದ ಪ್ರಶ್ನೆ ಕೇಳಿದ ಮಕ್ಕಳು ಕಮ್ಮಿ.

ಈ ಪ್ರಶ್ನೆಯನ್ನು ಕನ್ನಡದಲ್ಲಿ ಗಟ್ಟಿಯಾಗಿ ಎತ್ತಿದವರು ನಮ್ಮ ತಾಲ್ಲೂಕಿನಲ್ಲೇ ಹುಟ್ಟಿದವರು. ಬಿ.ಎಂ. ಶ್ರೀಕಂಠಯ್ಯನವರು, ಅಂದರೆ ಬಿ.ಎಂ.ಶ್ರೀಯವರು, 1884ರಲ್ಲಿ, ಸಂಪಿಗೆಯಲ್ಲಿ. ರನ್ನನ ಗದಾಯುದ್ಧವನ್ನು ಅವರು 1926ರಲ್ಲಿ ನಾಟಕ ಮಾಡಿದರು. ಅದನ್ನು ಅವರು ನೋಡಿದ ರೀತಿಯೇ ಬೇರೆ. ಮುಧೋಳದ ಬಳೆಗಾರರ ಮನೆಯ ರನ್ನ ಸಾವಿರ ವರ್ಷದ ಹಿಂದೆ ಕಾವ್ಯ ಬರೆಯುವಾಗ ಭೀಮನೇ ನಾಯಕ ಅಂದುಕೊಂಡಿದ್ದ. ತನ್ನ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಹೊಗಳಬೇಕಿತ್ತು. ಆದರೆ ಕಾವ್ಯ ಓದಿ ಮುಗಿಸಿದಾಗ ನಮ್ಮ ಕಣ್ಣ ಮುಂದೆ ನಿಲ್ಲುವವನು ದುರ್ಯೋಧನ. ಕವಿ ಒಬ್ಬನನ್ನು ಗೆಲ್ಲಿಸಲು ಹೊರಟ, ಬಿದ್ದವನು ಮನಸ್ಸಿನಲ್ಲಿ ಉಳಿದ.

ನಿಮ್ಮ ರಣಭೂಮಿ ಸೀನಿನ ಮೂಲ ಅಲ್ಲೇ ಇದೆ. ಸಂಜಯನ ಜೊತೆ ಹೋಗುತ್ತಾ ಅವನು ಒಬ್ಬೊಬ್ಬರನ್ನೇ ನೋಡುತ್ತಾನೆ. ದ್ರೋಣ. ಆಮೇಲೆ ಅಭಿಮನ್ಯು. ಇಲ್ಲಿ ಗಮನಿಸಿ, ಶತ್ರುವಿನ ಮಗನ ಹೆಣಕ್ಕೆ ಅವನು ಕೈ ಮುಗಿಯುತ್ತಾನೆ. ನಿನ್ನಂಥ ಸಾವು ನನಗೂ ಬರಲಿ ಅನ್ನುತ್ತಾನೆ. ಬರೀ ದುಷ್ಟನಾಗಿದ್ದರೆ ಈ ಮಾತು ಬಾಯಲ್ಲಿ ಬರುತ್ತಿತ್ತಾ? ಆಮೇಲೆ ಮಗ ಲಕ್ಷಣ ಕುಮಾರ. ಆಮೇಲೆ ತಮ್ಮ ದುಶ್ಶಾಸನ. ತಮ್ಮನ ಮುಂದೆ ನಿಂತು ಹೇಳುತ್ತಾನೆ: ತಾಯಿಯ ಹಾಲನ್ನು ನಾನು ಕುಡಿದ ಮೇಲೆ ನೀನು ಕುಡಿದೆ, ಎಲ್ಲದರಲ್ಲೂ ನನ್ನ ಹಿಂದೆ ಬಂದೆ, ಸಾವಿನಲ್ಲಿ ಮಾತ್ರ ನನಗಿಂತ ಮುಂದೆ ಹೋದೆಯಾ. ಕ್ಲಾಸಿನಲ್ಲಿ ಈ ಪದ್ಯ ಬಂದಾಗ ನಾನು ಪ್ರತಿ ವರ್ಷ ಕಿಟಕಿ ಕಡೆ ತಿರುಗಿ ನಿಲ್ಲುತ್ತಿದ್ದೆ.

ಕೊನೆಗೆ ಕರ್ಣ. ಆಮೇಲೆ ಭೀಷ್ಮರ ಹತ್ತಿರ ಹೋಗುತ್ತಾನೆ. ಈಗಲಾದರೂ ಸಂಧಿ ಮಾಡಿಕೋ ಅನ್ನುತ್ತಾರೆ ಅಜ್ಜ. ಆಗ ಬರುವ ಮಾತೇ ನಿಮ್ಮ ಪ್ರಶ್ನೆಗೆ ಉತ್ತರ. ನೆಲಕ್ಕಾಗಿ ಹೋರಾಡುತ್ತೇನೆ ಅಂದುಕೊಂಡಿರಾ, ಛಲಕ್ಕಾಗಿ ಹೋರಾಡುತ್ತೇನೆ. ಕರ್ಣನನ್ನು ಕೊಲ್ಲಿಸಿದ ಈ ನೆಲ ನನಗೆ ಪಾಳು ನೆಲ, ಇದರ ಜೊತೆ ಬದುಕಲಾರೆ.

ಅಂದರೆ ಯಾವುದಕ್ಕಾಗಿ ಇಷ್ಟೆಲ್ಲ ಮಾಡಿದನೋ ಅದು ಅವನಿಗೆ ಈಗ ಬೇಕಾಗಿಲ್ಲ. ಸೂಜಿಮೊನೆಯಷ್ಟು ಜಾಗ ಕೊಡಲ್ಲ ಅಂದವನಿಗೆ ಇಡೀ ನೆಲ ಬೇಡವಾಗಿದೆ. ಆಸೆ ಸತ್ತುಹೋಗಿದೆ, ಆದರೂ ಕಾಲು ನಿಲ್ಲುತ್ತಿಲ್ಲ. ನನ್ನ ಮಟ್ಟಿಗೆ ಅವನು ಬಿದ್ದದ್ದು ಅಲ್ಲಿ. ತೊಡೆ ಮುರಿದದ್ದು ಆಮೇಲಿನ ಮಾತು.

ಹಳಗನ್ನಡ ಕವಿ ನಾಗಚಂದ್ರನ ರಾವಣನೂ ಇದೇ ದಾರಿಯಲ್ಲಿ ಹೋದವನು. ಆ ಜೈನ ರಾಮಾಯಣದಲ್ಲಿ ರಾವಣ ಒಳ್ಳೆಯವನು, ವ್ರತ ಹಿಡಿದವನು. ಸೀತೆಯನ್ನು ನೋಡಿ ಮನಸ್ಸು ಜಾರಿತು. ಕವಿ ಅವನನ್ನು ಬೈಯುವುದಿಲ್ಲ. ಸಮುದ್ರವೂ ಒಂದೊಂದು ಸಲ ಕಾಲಕ್ಕೆ ಸಿಕ್ಕಿ ತನ್ನ ಎಲ್ಲೆ ದಾಟುವುದಿಲ್ಲವೇ ಅನ್ನುತ್ತಾನೆ. ಕೊನೆಗೆ ರಾವಣನಿಗೆ ತಪ್ಪು ಅರಿವಾಗುತ್ತದೆ. ಸೀತೆಯನ್ನು ವಾಪಸ್ ಕೊಡಬೇಕು ಅಂತ ತೀರ್ಮಾನವನ್ನೂ ಮಾಡುತ್ತಾನೆ. ಆದರೆ ಈಗ ಕೊಟ್ಟರೆ ಹೆದರಿ ಕೊಟ್ಟ ಅಂತಾರೆ, ಯುದ್ಧದಲ್ಲಿ ಗೆದ್ದು ಆಮೇಲೆ ಕೊಡುತ್ತೇನೆ ಅಂದುಕೊಳ್ಳುತ್ತಾನೆ. ಅಷ್ಟರಲ್ಲಿ ಜೀವ ಹೋಗುತ್ತದೆ. ಶ್ರೀಯವರು ಈ ರಾವಣನ ಬಗ್ಗೆಯೂ ಬರೆದಿದ್ದಾರೆ.

ಗ್ರೀಕರಿಂದ ಅವರು ತಂದ ಪಾರಸಿಕರು ನಾಟಕದಲ್ಲಿ ಇನ್ನೊಬ್ಬ ಇದ್ದಾನೆ. ಪರ್ಷಿಯಾದ ದೊರೆ ಕ್ಸರ್ಕ್ಸೀಸ್. ಸಮುದ್ರದ ಮೇಲೆ ದೋಣಿ ಸಾಲು ಕಟ್ಟಿ ಸೇತುವೆ ಮಾಡಿ ಗ್ರೀಸಿಗೆ ದಂಡು ನುಗ್ಗಿಸಿದವನು. ಕ್ರಿಸ್ತಪೂರ್ವ 480ರಲ್ಲಿ ಸಾಲಮಿಸ್ ಹತ್ತಿರ ಅವನ ಹಡಗುಪಡೆ ಸೋತುಹೋಯಿತು. ನಾಟಕದಲ್ಲಿ ಸತ್ತ ತಂದೆಯ ಆತ್ಮ ಎದ್ದು ಬಂದು, ಸಮುದ್ರಕ್ಕೇ ಸಂಕೋಲೆ ಹಾಕಲು ಹೋದನಲ್ಲ ನನ್ನ ಮಗ ಅಂತ ಮರುಗುತ್ತದೆ. ಮಗ ಕೊನೆಯಲ್ಲಿ ಹರಿದ ಬಟ್ಟೆಯಲ್ಲಿ ಬರುತ್ತಾನೆ. ಬರೆದ ಈಸ್ಕಿಲಸ್ ಪರ್ಷಿಯನ್ನರ ವಿರುದ್ಧ ತಾನೇ ಹೋರಾಡಿದವನು. ಶತ್ರುವಿನ ಮನೆಯ ಅಳುವನ್ನು ಬರೆಯಲು ಎಂಥ ಮನಸ್ಸು ಬೇಕು ನೋಡಿ.

ಮಗಳ ಪಾಠದಲ್ಲಿ ಅರಿಸ್ಟಾಟಲ್ ಹೇಳಿದ ಹಮಾರ್ಷಿಯ ಅನ್ನುವ ಪದ ಬರುತ್ತದೆ. ದೋಷ ಅಂತ ಬರೆಸುತ್ತಾರೆ. ಬಾಣ ಗುರಿ ತಪ್ಪುವುದಕ್ಕೂ ಅದೇ ಪದ. ನಾಯಕ ಪೂರ್ತಿ ಒಳ್ಳೆಯವನೂ ಆಗಿರಬಾರದು, ಪೂರ್ತಿ ಕೆಟ್ಟವನೂ ಆಗಿರಬಾರದು, ನಮ್ಮಂಥವನಾಗಿರಬೇಕು ಅಂತ ಅವನ ಮಾತು. ಕನ್ನಡದಲ್ಲಿ ಇನ್ನೂ ಸುಲಭ. 'ಕೆಟ್ಟ' ಅನ್ನುವ ಒಂದೇ ಪದದಲ್ಲಿ ದುಷ್ಟನೂ ಇದ್ದಾನೆ, ಹಾಳಾದವನೂ ಇದ್ದಾನೆ. ನೀವು ತಲೆಬರಹದಲ್ಲೇ ಅದನ್ನು ಹಿಡಿದಿದ್ದೀರಿ.

ಪಾವಗಡದ ಮಗಳು

ಮೇಷ್ಟ್ರ ಮಾತು ಚೆನ್ನಾಗಿದೆ. ಆದರೆ ನನಗೆ ತೋಟದವರ ಮೊದಲ ಪೋಸ್ಟಿನ ಬಗ್ಗೆ ತಕರಾರು ಇದೆ. ಬೇಜಾರು ಮಾಡಿಕೊಳ್ಳಬೇಡಿ ಅಣ್ಣ.

ನಿಮ್ಮಣ್ಣನನ್ನು ಯಾಕೆ ದುರ್ಯೋಧನನ ಪಕ್ಕ ನಿಲ್ಲಿಸುತ್ತೀರಿ? ದುರ್ಯೋಧನ ಬೇರೆಯವರ ಪಾಲು ಕಿತ್ತುಕೊಂಡ. ಮ್ಯಾಕ್‌ಬೆತ್ ಮಲಗಿದ್ದವನನ್ನು ಕೊಂದ. ನಿಮ್ಮಣ್ಣ ತೆಂಗಿನ ಮರ ಉಳಿಸಲು ನೀರು ಹುಡುಕಿದ. ಇದರಲ್ಲಿ ಅತಿಯಾಸೆ ಎಲ್ಲಿಂದ ಬಂತು?

ನಮ್ಮ ತಾಲ್ಲೂಕಿನಲ್ಲಿ ನೀರಿಲ್ಲದೆ ಬೇಸಾಯ ಕೈಬಿಟ್ಟವರ ಕಥೆ ಮನೆಮನೆಯಲ್ಲಿ ಇದೆ. ಸೋಲಾರ್ ಪಾರ್ಕಿಗೆ ಹತ್ತಿರ ಹತ್ತಿರ 13,000 ಎಕರೆ ಗುತ್ತಿಗೆಗೆ ಹೋಯಿತು. ನಮ್ಮಪ್ಪನೂ ಕೊಟ್ಟರು. ಅದಕ್ಕೆ ಮುಂಚೆ ಅವರೂ ನಾಲ್ಕು ಬೋರು ಕೊರೆಸಿದ್ದರು. ಕಡಲೆಕಾಯಿ ಒಣಗುವಾಗ ಕೈ ಕಟ್ಟಿ ಕೂತಿರಬೇಕಿತ್ತಾ? ಬಡವರು ಸ್ವಲ್ಪ ಮುಂದೆ ಬರೋಣ ಅಂದರೆ ಅದನ್ನು ಆಸೆಬುರುಕತನ ಅಂತಾರೆ, ಇರುವವರು ಅದನ್ನೇ ಮಾಡಿದರೆ ಧೈರ್ಯ ಅಂತಾರೆ. ಈ ಮಾತು ಕೇಳಿ ಕೇಳಿ ಸಾಕಾಗಿದೆ. ದಯವಿಟ್ಟು ಬರದ ತಪ್ಪನ್ನು ಮನುಷ್ಯನ ತಲೆಗೆ ಕಟ್ಟಬೇಡಿ.

ತೆಂಗಿನ ತೋಟದವನು

ತಂಗಿ, ನೀನು ಹೇಳಿದ್ದು ಸರಿ. ಬೇಜಾರಿಲ್ಲ. ಎರಡು ದಿನ ಇದನ್ನೇ ಯೋಚನೆ ಮಾಡಿದೆ. ಹಾಗಾಗಿ ಮೊದಲು ಬರೆಯದೆ ಬಿಟ್ಟದ್ದನ್ನು ಈಗ ಬರೆಯುತ್ತೇನೆ.

ಮೊದಲ ಮೂರು ಬೋರು ನೀರಿಗಾಗಿಯೇ ಕೊರೆಸಿದ್ದು. ಅದರಲ್ಲಿ ನನಗೂ ಪಾಲಿದೆ, ನಾನೂ ದುಡ್ಡು ಹಾಕಿದ್ದೇನೆ. ಮೂರನೆಯದು ಫೇಲ್ ಆದ ಮೇಲೆ ಅತ್ತಿಗೆ ಒಂದು ದಾರಿ ಹೇಳಿದರು. ಇರುವ ಮರದಲ್ಲಿ ಅರ್ಧ ಬಿಡೋಣ, ಮನೆ ಹತ್ತಿರದ ಎಪ್ಪತ್ತು ಮರಕ್ಕೆ ಟ್ಯಾಂಕರ್ ನೀರು ಹಾಕೋಣ, ಮಳೆ ಬಂದ ಮೇಲೆ ನೋಡೋಣ ಅಂದರು. ಅಣ್ಣ ಒಪ್ಪಿದ. ನಾನು ಟ್ಯಾಂಕರಿನವನ ಹತ್ತಿರ ಮಾತಾಡಿಯೂ ಬಂದೆ.

ಆ ವಾರವೇ ಪಕ್ಕದ ತೋಟದವರಿಗೆ 700 ಅಡಿಗೆ ಎರಡೂವರೆ ಇಂಚು ನೀರು ಬಿತ್ತು. ಊರೆಲ್ಲ ನೋಡಲು ಹೋಯಿತು. ಅಣ್ಣನೂ ಹೋದ. ಅಲ್ಲಿ ಯಾರೋ, "ಏನಪ್ಪಾ ದುರ್ಯೋಧನ, ನಿನ್ನ ಕೈಲಿ ಆಗ್ಲಿಲ್ವಲ್ಲ" ಅಂದರಂತೆ. ಆಡಿದವರು ತಮಾಷೆಗೆ ಆಡಿದರು. ಅಣ್ಣ ಮನೆಗೆ ಬಂದು ಊಟ ಮಾಡಲಿಲ್ಲ. ಮಾರನೇ ದಿನ ನಾಲ್ಕನೇ ಲಾರಿಗೆ ಅಡ್ವಾನ್ಸ್ ಕೊಟ್ಟು ಬಂದ. ಅತ್ತಿಗೆಗೆ ಹೇಳಲಿಲ್ಲ. ನನಗೆ ಹೇಳಿದ, ಅವಳಿಗೆ ಹೇಳಬೇಡ ಅಂದ.

ಮೇಷ್ಟ್ರೇ, ನೀವು ಬರೆದದ್ದನ್ನು ಓದಿದಾಗ ನನಗೆ ಎದೆ ಹೊಡೆದುಕೊಂಡಿತು. ಮೂರನೆಯದರವರೆಗೆ ನೀರಿಗೆ. ನಾಲ್ಕನೆಯದರಿಂದ ಛಲಕ್ಕೆ. ಏಳನೆಯದು ಕೊರೆಸುವ ಹೊತ್ತಿಗೆ ಆ ಕಡೆಯ ಮರಗಳು ಆಗಲೇ ಸುಳಿ ಬಿದ್ದಿದ್ದವು. ನೀರು ಬಂದಿದ್ದರೂ ಹಾಯಿಸಲು ಅಲ್ಲಿ ಮರ ಇರಲಿಲ್ಲ. ಅಣ್ಣನಿಗೆ ಅದು ಗೊತ್ತಿತ್ತು. ನನಗೂ ಗೊತ್ತಿತ್ತು.

ತಂಗಿ, ಬರ ಬಂದದ್ದು ಅಣ್ಣನ ತಪ್ಪಲ್ಲ. ನಾನು ಅಣ್ಣನನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಅವನು ನಮ್ಮಪ್ಪ ತೀರಿಹೋದ ಮೇಲೆ ನನ್ನನ್ನು ಓದಿಸಿದವನು, ನನ್ನ ಮದುವೆ ಮಾಡಿದವನು. ಅಂಥವನು ಹೀಗಾದನಲ್ಲ ಅನ್ನುವುದೇ ನನ್ನ ಸಂಕಟ.

ಕೋಲಾರದ ಇಂಗ್ಲಿಷ್ ಮೇಡಂ

ನಾನು ಕೋಲಾರದಲ್ಲಿ ಡಿಗ್ರಿ ಮಕ್ಕಳಿಗೆ ಮ್ಯಾಕ್‌ಬೆತ್ ಪಾಠ ಮಾಡುತ್ತೇನೆ. ನಮ್ಮ ಮುಳಬಾಗಿಲಿನ ಡಿವಿಜಿಯವರು ಅದನ್ನು ಕನ್ನಡಕ್ಕೆ ತಂದಿದ್ದಾರೆ. ತೋಟದವರ ಮಗಳು ಇಂಗ್ಲಿಷ್ ಕಷ್ಟ ಅನ್ನಿಸಿದರೆ ಅದನ್ನು ಪಕ್ಕದಲ್ಲಿ ಇಟ್ಟುಕೊಂಡು ಓದಲಿ.

"ಅವಳಿಗೆ ಹೇಳಬೇಡ" ಅಂದರಲ್ಲ ನಿಮ್ಮಣ್ಣ, ಅಲ್ಲಿ ನನ್ನ ಕಣ್ಣು ನಿಂತಿತು. ಇಡೀ ಮ್ಯಾಕ್‌ಬೆತ್ ಇರುವುದೇ ಆ ಮಾತಿನಲ್ಲಿ.

ಮೊದಲಲ್ಲಿ ಅವನು ಹೆಂಡತಿಯಿಂದ ಏನನ್ನೂ ಮುಚ್ಚಿಡುವುದಿಲ್ಲ. ದಾರಿಯಲ್ಲಿ ಮೂರು ಮಾಟಗಾತಿಯರು ಸಿಕ್ಕಿ, ನೀನು ಕಾಡರ್‌ನ ಒಡೆಯ ಆಗುತ್ತೀಯ, ಆಮೇಲೆ ರಾಜ ಆಗುತ್ತೀಯ ಅಂದದ್ದನ್ನು ಮನೆ ಮುಟ್ಟುವ ಮುಂಚೆಯೇ ಕಾಗದ ಬರೆದು ತಿಳಿಸುತ್ತಾನೆ. ಕೊಲೆಗೆ ಮುಂಚೆ ಅವನಿಗೆ ಎಲ್ಲ ಗೊತ್ತು. ರಾಜ ನನ್ನ ಬಂಧು, ನನ್ನ ಮನೆಯ ಅತಿಥಿ, ಒಳ್ಳೇ ಮನುಷ್ಯ ಅಂತ ತಾನೇ ಲೆಕ್ಕ ಹಾಕುತ್ತಾನೆ. ಬೇಡ, ಇಲ್ಲಿಗೇ ನಿಲ್ಲಿಸೋಣ ಅಂತ ಹೆಂಡತಿಗೆ ಹೇಳುತ್ತಾನೆ. ಆಗ ಅವಳು, ನೀನು ಗಂಡಸಾ ಅಂತ ಚುಚ್ಚುತ್ತಾಳೆ. ನಿಮ್ಮೂರಿನಲ್ಲಿ ಯಾರೋ ಚುಚ್ಚಿದರಲ್ಲ, ಹಾಗೆ. ಅವತ್ತು ರಾತ್ರಿ ರಾಜ ಡಂಕನ್ ಸಾಯುತ್ತಾನೆ.

ಎರಡನೇ ಕೊಲೆ ಗೆಳೆಯ ಬ್ಯಾಂಕೋನದು. ಈ ಸಲ ಹೆಂಡತಿಗೆ ಹೇಳುವುದಿಲ್ಲ. ನಿನಗೆ ಗೊತ್ತಿಲ್ಲದೆ ಇರಲಿ, ಆದ ಮೇಲೆ ಮೆಚ್ಚಿಕೊಳ್ಳುವೆಯಂತೆ ಅನ್ನುತ್ತಾನೆ. ತನ್ನ ವಿರುದ್ಧ ನಿಂತ ಸರದಾರ ಮ್ಯಾಕ್‌ಡಫ್‌ನ ಹೆಂಡತಿ ಮಕ್ಕಳನ್ನು ಕೊಲ್ಲಿಸುವಾಗ ಯಾರನ್ನೂ ಕೇಳುವುದಿಲ್ಲ. ಇನ್ನು ಮೇಲೆ ಮನಸ್ಸಿಗೆ ಬಂದ ತಕ್ಷಣ ಕೈಯಲ್ಲಿ ಮಾಡಿಬಿಡುತ್ತೇನೆ ಅನ್ನುತ್ತಾನೆ. ಅಲ್ಲಿಗೆ ತನ್ನನ್ನು ತಾನು ಕೇಳಿಕೊಳ್ಳುವುದೂ ನಿಂತಿತು. ಬೇಡ ಅನ್ನುವ ಬಾಯಿಗಳನ್ನು ಒಂದೊಂದಾಗಿ ಮುಚ್ಚುತ್ತಾ ಹೋಗಿ, ಕೊನೆಗೆ ತನ್ನ ಒಳಗಿನದನ್ನೂ ಮುಚ್ಚಿದ. ಅತ್ತ ಹೆಂಡತಿ ನಿದ್ದೆಯಲ್ಲಿ ಎದ್ದು ಓಡಾಡುತ್ತಾ, ಇಲ್ಲದ ರಕ್ತವನ್ನು ಕೈಯಿಂದ ತೊಳೆಯುತ್ತಿದ್ದಾಳೆ. ಅವಳು ಸತ್ತ ಸುದ್ದಿ ಬಂದಾಗ ಅವನಿಗೆ ಅಳಲೂ ಬರುವುದಿಲ್ಲ.

ತೆಂಗಿನಕಾಯಿ ಎದ್ದು ನಿಂತದ್ದರ ಬಗ್ಗೆಯೂ ಒಂದು ಮಾತು. ಮಾಟಗಾತಿಯರು ಎಲ್ಲೂ ಕೊಲ್ಲು ಅನ್ನುವುದಿಲ್ಲ. ರಾಜನಾಗುತ್ತೀಯ ಅಂತಾರೆ, ಅಷ್ಟೇ. ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಬ್ಯಾಂಕೋನಿಗೂ ನಿನ್ನ ವಂಶದವರು ರಾಜರಾಗುತ್ತಾರೆ ಅಂತ ಹೇಳುತ್ತಾರೆ. ಅವನು ಕತ್ತಿ ಎತ್ತಲಿಲ್ಲ. ಅವನಿಗೂ ಆಸೆ ಇತ್ತು. ಕನಸಿನಲ್ಲೂ ಆ ಮಾಟಗಾತಿಯರು ಬರುತ್ತಿದ್ದರು. ಇಬ್ಬರಿಗೂ ಕಾಯಿ ಎದ್ದು ನಿಂತಿತು, ಲಾರಿ ಕರೆಸಿದವನು ಒಬ್ಬ.

ಪಾವಗಡದ ತಂಗಿ ಕೇಳಿದ್ದಕ್ಕೂ ನನ್ನ ಹತ್ತಿರ ಒಂದು ಉದಾಹರಣೆ ಇದೆ. 2023ರ ಜುಲೈನಲ್ಲಿ ಇಲ್ಲಿ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ ಎರಡು ಸಾವಿರ ದಾಟಿತು. ನಮ್ಮ ಭಾವ ಎರಡು ಎಕರೆಯಲ್ಲಿ ಬೆಳೆದಿದ್ದರು. ಹುಟ್ಟಿದ ಮೇಲೆ ಅಷ್ಟು ದುಡ್ಡನ್ನು ಒಟ್ಟಿಗೆ ನೋಡಿರಲಿಲ್ಲ. ಸಾಲ ತೀರಿಸಿದರು, ಮನೆಗೆ ತಾರಸಿ ಹಾಕಿಸಿದರು. ಇದನ್ನು ಅತಿಯಾಸೆ ಅಂತ ಯಾರಾದರೂ ಅಂದರೆ ನಾನೇ ಜಗಳಕ್ಕೆ ನಿಲ್ಲುತ್ತೇನೆ. ಆಮೇಲೆ ಹನ್ನೆರಡು ಎಕರೆ ಗುತ್ತಿಗೆಗೆ ಹಿಡಿದರು. ಅಕ್ಕ ಬೇಡ ಅಂದಳು. ಅವಳ ಜೊತೆ ಮಾತು ಬಿಟ್ಟರು. ಎರಡು ತಿಂಗಳಲ್ಲಿ ರೇಟು ನೆಲ ಕಚ್ಚಿತು, ಕಿತ್ತ ಕೂಲಿಯೂ ಹುಟ್ಟಲಿಲ್ಲ. ರೇಟು ಬಿದ್ದದ್ದು ಭಾವನ ತಪ್ಪಲ್ಲ. ಅಕ್ಕನ ಜೊತೆ ಮಾತು ಬಿಟ್ಟದ್ದು ಭಾವನೇ.

ಮ್ಯಾಕ್‌ಬೆತ್, ದುರ್ಯೋಧನ ಇಬ್ಬರ ನಡುವೆ ಒಂದು ವ್ಯತ್ಯಾಸ ಮಾತ್ರ ಮರೆಯಬೇಡಿ. ಮ್ಯಾಕ್‌ಬೆತ್‌ಗೆ ಮಾಡುವ ಮುಂಚೆಯೇ ತಪ್ಪು ಅಂತ ಗೊತ್ತು. ದುರ್ಯೋಧನನಿಗೆ ಇದು ನನ್ನದೇ ಅನ್ನುವ ನಂಬಿಕೆ. ಹಾಗಾಗಿ ಮ್ಯಾಕ್‌ಬೆತ್ ಮೊದಲಿಂದಲೇ ಬೆವರುತ್ತಾನೆ, ನಿಮ್ಮವನು ಕೊನೆಯಲ್ಲಿ ಬೆವರುತ್ತಾನೆ.

ಇನ್ನೊಂದು. ಚರಿತ್ರೆಯಲ್ಲಿ ಮ್ಯಾಕ್‌ಬೆತ್ ಅನ್ನುವ ದೊರೆ ನಿಜವಾಗಿ ಇದ್ದ. 1040ರಿಂದ 1057ರವರೆಗೆ ಸ್ಕಾಟ್ಲೆಂಡ್ ಆಳಿದ. ಡಂಕನ್ ಸತ್ತದ್ದು ಹಾಸಿಗೆಯಲ್ಲಿ ಅಲ್ಲ, ಯುದ್ಧದಲ್ಲಿ. ಹದಿನೇಳು ವರ್ಷ ಆಳಿದವನನ್ನು ನಾಟಕ ಹೀಗೆ ಮಾಡಿಬಿಟ್ಟಿತು. ಮಕ್ಕಳಿಗೆ ಇದನ್ನು ಹೇಳುವಾಗಲೆಲ್ಲ ನನಗೆ ಆ ದೊರೆಯ ಮೇಲೆ ಕನಿಕರ ಬರುತ್ತದೆ.

ಹಾರ್ಮೋನಿಯಂ (ಗುಬ್ಬಿ)

ತೋಟದವರೇ, ನಾನು ನಾಟಕದ ಮೇಷ್ಟ್ರು. ನಮ್ಮ ತಾತ ಗುಬ್ಬಿ ಕಂಪನಿಯ ಕುರುಕ್ಷೇತ್ರ ನೋಡಿದವರು. ರಂಗದ ಮೇಲೆ ನಿಜವಾದ ಆನೆ ಕುದುರೆ ತಂದಿದ್ದರು ಅಂತ ಸಾಯುವವರೆಗೂ ಹೇಳುತ್ತಿದ್ದರು. ಓದಿದವರ ಮಾತು ಆಯಿತು, ನಾನು ಕೆಲಸದ ಮಾತು ಹೇಳುತ್ತೇನೆ.

ನಮ್ಮ ಕಡೆ ದುರ್ಯೋಧನನಿಗೆ ಶಿಳ್ಳೆ ಜಾಸ್ತಿ. ಛಲಕ್ಕೆ ದುರ್ಯೋಧನ ಅಂತ ಪಂಪನೇ ಹೊಗಳಿದ್ದಾನೆ, ಜನ ಹೊಗಳದೆ ಇರುತ್ತಾರಾ. ಶಿಳ್ಳೆ ಬಂದರೆ ಪಾತ್ರಧಾರಿ ಮೀಸೆ ತಿರುವುತ್ತಾನೆ, ಇನ್ನೊಂದು ಶಿಳ್ಳೆ ಬರುತ್ತದೆ, ಇನ್ನೂ ಜೋರಾಗಿ ಕೂಗುತ್ತಾನೆ. ಸಭೆಯ ಸೀನಿನಲ್ಲಿ ಹಾಗೇ ಮಾಡಿ. ಚೆನ್ನಾಗಿ ಮಾಡಿ. ಜನ ನಿಮ್ಮನ್ನು ಮೆಚ್ಚದೆ ಇದ್ದರೆ ನೀವು ಬಿದ್ದಾಗ ಯಾರಿಗೆ ನೋವಾಗುತ್ತದೆ?

ವಿದುರ ಬುದ್ಧಿ ಹೇಳುವಾಗ ಅವನ ಮುಖ ನೋಡಿ ಉತ್ತರ ಕೊಡಿ. ಭೀಷ್ಮರು ಹೇಳುವಾಗ ಅರ್ಧ ತಿರುಗಿ. ಕೃಷ್ಣ ಸಂಧಾನಕ್ಕೆ ಬಂದಾಗ ಜನರನ್ನು ನೋಡುತ್ತಾ ಉತ್ತರ ಕೊಡಿ, ಕೃಷ್ಣನನ್ನು ನೋಡಲೇಬೇಡಿ. ಮೇಡಂ ಹೇಳಿದ ಬಾಯಿ ಮುಚ್ಚುವ ಮಾತು ಹೀಗೆ ಕಣ್ಣಿಗೆ ಕಾಣುತ್ತದೆ.

ರಣಭೂಮಿ ಸೀನಿನಲ್ಲಿ ಮೀಸೆಗೆ ಕೈ ಹೋಗಕೂಡದು. ನೀವು ಬಾಡಿಗೆಗೆ ತರುವ ಗದೆ ಒಳಗೆ ಟೊಳ್ಳು, ಎರಡು ಬೆರಳಲ್ಲಿ ಎತ್ತಬಹುದು. ಅವತ್ತು ರಾತ್ರಿ ಆ ಸೀನಿಗೆ ಮಾತ್ರ ಅದರೊಳಗೆ ಮರಳು ತುಂಬಿ. ತೂಕ ನಟನೆ ಮಾಡಬೇಡಿ, ನಿಜವಾಗಿ ಹೊರಿ. ಹಾಡು ಶ್ರುತಿಗಿಂತ ಸ್ವಲ್ಪ ಕೆಳಗೆ ಹೋದರೂ ಪರವಾಗಿಲ್ಲ, ಹಾರ್ಮೋನಿಯಂ ನುಡಿಸುವವರು ಕೆಳಗಿನ ಮನೆಗೆ ಬರಲಿ. ತಮ್ಮನ ಹೆಣದ ಮುಂದೆ ಹಾಡೇ ಬೇಡ. ಸುಮ್ನೆ ಮಾತಿನಲ್ಲಿ ಹೇಳಿ. ಅಲ್ಲಿ ಶಿಳ್ಳೆ ಬರುವುದಿಲ್ಲ. ಬರದೇ ಇರಲಿ.

ಕೊಳದ ಸೀನಿನಲ್ಲಿ ಭೀಮ ಬೈಯುವಾಗ ದುರ್ಯೋಧನ ನೀರೊಳಗಿದ್ದೂ ಬೆವತ ಅಂತ ರನ್ನ ಬರೆದಿದ್ದಾನೆ. ಹೊರಗೆ ಬರಬೇಡ ಅಂತ ಹೇಳಲು ಅಲ್ಲಿ ಒಬ್ಬರೂ ಉಳಿದಿಲ್ಲ. ಅದನ್ನು ನೆನಪಿಟ್ಟುಕೊಂಡು ಎದ್ದು ಬನ್ನಿ.

ಪಾವಗಡದ ಮಗಳು

ಅಣ್ಣ, ನಿಮ್ಮ ಎರಡನೇ ಪೋಸ್ಟ್ ಅಪ್ಪನಿಗೆ ಓದಿ ಹೇಳಿದೆ. ಅವರು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ನನ್ನ ನಾಲ್ಕನೇದನ್ನ ನಿಮ್ಮಮ್ಮ ನಿಲ್ಲಿಸಬಹುದಿತ್ತು, ನಾನು ಕೇಳ್ತಿದ್ದೆ" ಅಂದರು. ಅಮ್ಮ ಒಳಗಿಂದ, "ನೀವು ಕೇಳ್ತಿರಲಿಲ್ಲ" ಅಂದರು. ಯಾರು ಸರಿಯೋ ಗೊತ್ತಿಲ್ಲ. ನಾಟಕ ಆದ ಮೇಲೆ ಇಲ್ಲಿ ಬಂದು ಹೇಳಿ. ಅಣ್ಣನವರನ್ನು ಕರೆಯಿರಿ.

ತೆಂಗಿನ ತೋಟದವನು (ಏಳು ವಾರದ ನಂತರ)

ಹೋದ ಶನಿವಾರ ನಾಟಕ ಆಯಿತು. ಎಲ್ಲರಿಗೂ ಋಣಿ.

ಗುಬ್ಬಿ ಮೇಷ್ಟ್ರು ಹೇಳಿದಂತೆ ಗದೆಗೆ ಮರಳು ತುಂಬಿಸಿದೆ. ಮಗಳು ಸೀನಿನ ಹಿಂದೆ ನಿಂತು ತುಂಬಿ ಕೊಟ್ಟಳು. ಸಭೆಯ ಸೀನಿನಲ್ಲಿ ಶಿಳ್ಳೆ ಬಂತು, ನೋಟಿನ ಹಾರವೂ ಬಂತು. ರಣಭೂಮಿಗೆ ಬರುವಾಗ ರಾತ್ರಿ ಮೂರು ಗಂಟೆ ದಾಟಿತ್ತು. ಅರ್ಧ ಜನ ಮನೆಗೆ ಹೋಗಿದ್ದರು. ಗದೆ ಎತ್ತುವಾಗ ಭುಜ ನಿಜವಾಗಿ ಜಗ್ಗಿತು.

ಅಣ್ಣನನ್ನು ಕರೆದಿದ್ದೆ. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಜನರ ನಡುವೆ ಎಲ್ಲೂ ಕಾಣಲಿಲ್ಲ. ದುಶ್ಶಾಸನನ ಮುಂದೆ ಮಂಡಿ ಊರಿ ಕೂತೆ. ತಾಯಿಯ ಹಾಲಿನ ಮಾತು ಶುರು ಮಾಡಿದೆ. ಅಷ್ಟರಲ್ಲಿ ಜನರೇಟರ್ ಇಟ್ಟಿದ್ದ ಕಡೆ, ಬೇವಿನ ಮರದ ಕೆಳಗೆ, ಟವೆಲ್ ಹೊದ್ದು ಒಬ್ಬರು ನಿಂತಿರುವುದು ಕಾಣಿಸಿತು. ನಿಂತ ಭಂಗಿಯಲ್ಲೇ ಗೊತ್ತಾಯಿತು. ಉಳಿದ ಮಾತು ಹೇಗೆ ಹೇಳಿದೆನೋ ನೆನಪಿಲ್ಲ. ಮಗಳು ಹೇಳುತ್ತಾಳೆ, ಧ್ವನಿ ಮೈಕಿಗೆ ಸರಿಯಾಗಿ ಕೇಳಲಿಲ್ಲವಂತೆ.

ಬೆಳಗ್ಗೆ ಬಣ್ಣ ತೊಳೆದುಕೊಂಡು ಅಣ್ಣನ ಮನೆಗೆ ಹೋದೆ. ಹಿತ್ತಿಲಲ್ಲಿ ಕೊಬ್ಬರಿ ಗಿಟುಕು ಹರವುತ್ತಿದ್ದ. ನಾನೂ ಕೂತು ಹರವಿದೆ. ಅತ್ತಿಗೆ ಕಾಫಿ ತಂದು ಕೊಟ್ಟರು. ಆ ರಾತ್ರಿ ನಾನು ಬೇಡ ಅನ್ನಬೇಕಿತ್ತು ಅಣ್ಣ, ಅಂದೆ. ಅಣ್ಣ ಕಾಫಿ ಲೋಟ ಕೆಳಗಿಟ್ಟ.

"ಅಂದಿದ್ರೂ ನಾನು ಕೇಳ್ತಿರಲಿಲ್ಲ ಕಣೋ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಅಂದಿದ್ರೆ ನೆನಪಾದ್ರೂ ಇರ್ತಿತ್ತು" ಅಂದ.

ಆಮೇಲೆ ಒಂದು ಗಿಟುಕು ಎತ್ತಿ ಅಲ್ಲಾಡಿಸಿ ನೋಡಿ ಪಕ್ಕಕ್ಕೆ ಇಟ್ಟು ಹೇಳಿದ: "ಸಂಜಯ ಮಾತಾಡಿದ ತಕ್ಷಣ ನೀನು ಉತ್ತರ ಕೊಟ್ಬಿಟ್ಟೆ. ಅಲ್ಲಿ ಸ್ವಲ್ಪ ನಿಲ್ಲಬೇಕು. ಸಾಯಂಕಾಲ ಬಾ, ತೋರಿಸ್ತೀನಿ."